ಭಾರಿಯಾದ ಪತ್ರ

ಕಂಪ್ಯೂಟರ್ ನಿಧಾನವಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ‘ಎಷ್ಟು ನಿಮಿಷ?’ ಎಂದು. ಧಾರವಾಡದಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುತ್ತ ಹಚ್ಚಿಕೊಂಡ ಚಟ ಅದು. ಅಳತೆ ಇಲ್ಲದ ದೂರನ್ನು ದೂರು ಎಂದು ನಾನು ಒಪ್ಪುವುದಿಲ್ಲ. ಆ ಸೋಮವಾರ ಬೆಳಿಗ್ಗೆ ಇಳಕಲ್ಲಿನ ನನ್ನ ಕಂಪ್ಯೂಟರ್ ಅಂಗಡಿಗೆ ಫೋನ್ ಬಂದಾಗಲೂ ಅದನ್ನೇ ಕೇಳಿದೆ.

“ಎಷ್ಟು ನಿಮಿಷ ತಗೋತೈತ್ರಿ ಅಕ್ಕಾರ?”

“ನಿಮಿಷದ ಲೆಕ್ಕ ಅಲ್ರಿ ಸರ. ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದು ಕುಂತೆ. ಬ್ಯಾಳಿ ಕುದ್ದು, ಸಾರಾಗಿ, ಎಲ್ಲಾರೂ ಉಂಡು ಎದ್ದೇವಿ. ಇದಿನ್ನೂ ಕಳಸಾಕತ್ತೇನಿ, ಕಳಸಾಕತ್ತೇನಿ ಅಂತೈತಿ.”

ಮಾತನಾಡಿದವರು ನೇಕಾರರ ಓಣಿಯಲ್ಲಿ ಹನ್ನೆರಡು ಕೈಮಗ್ಗ ನಡೆಸುವ ಹೆಂಗಸು. ಬೆನ್ನು ನೋವು ಶುರುವಾಗುವವರೆಗೆ ಸ್ವತಃ ಮಗ್ಗದಲ್ಲಿ ಕೂತು ನೇಯ್ದವರು. ಊರೆಲ್ಲ ಅಕ್ಕಾರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಮೂರು ವಾರದ ಹಿಂದೆ ಅವರಿಗೆ ಹೊಸ ಕಂಪ್ಯೂಟರ್ ಜೋಡಿಸಿ ಕೊಟ್ಟವನು ನಾನೇ. ಎರಡು ಸಾವಿರದ ಮೂರನೆಯ ಇಸವಿ ಇರಬೇಕು, ನಾಲ್ಕೂ ಇರಬಹುದು. ನನ್ನ ನೆನಪಿನ ಮೇಲೆ ನನಗೇ ಭರವಸೆ ಇಲ್ಲ. ಈ ಬರಹವೂ ಒಂದು ಲೆಕ್ಕದಲ್ಲಿ ಅದರ ಬಗ್ಗೆಯೇ.

ಹೊಸ ಯಂತ್ರ ಕೊಟ್ಟ ದಿನ ನಾನು ಒಂದು ಮಾತು ಹೇಳಿದ್ದೆ: “ಹಳೇದರಾಗ ಏನೇನಿತ್ತೋ ಎಲ್ಲಾ ಇದರಾಗೂ ಐತ್ರಿ. ಒಂದು ಕೂದಲಿನಷ್ಟೂ ಫರಕ ಇಲ್ಲ.” ಹಳೆಯ ಪತ್ರಗಳು, ವಿಳಾಸಗಳು, ಪಾಸ್‌ವರ್ಡ್ ಎಲ್ಲವನ್ನೂ ಒಂದೊಂದಾಗಿ ತಂದಿದ್ದೆ. ಆ ಮಾತು ಹೇಳುವ ಹಕ್ಕು ನನಗಿದೆ ಎಂದೇ ಅಂದುಕೊಂಡಿದ್ದೆ.

ಸೈಕಲ್ ಹತ್ತಿ ಅವರ ಮನೆಗೆ ಹೋದೆ. ನಡುಮನೆಯಲ್ಲಿ, ಸೀರೆ ಕಪಾಟಿನ ಪಕ್ಕ ಕಂಪ್ಯೂಟರ್. ಅವರು ಬರೆದ ಪತ್ರ ಕಳಿಸುವ ಪೆಟ್ಟಿಗೆಯಲ್ಲೇ ಸಿಕ್ಕಿಕೊಂಡಿತ್ತು. ಪ್ರೋಗ್ರಾಂ ತೆರೆದಾಗಲೆಲ್ಲ ಅದನ್ನೇ ಮೊದಲು ಕಳಿಸಲು ಒದ್ದಾಡುತ್ತಿದ್ದುದರಿಂದ ಉಳಿದ ಕೆಲಸವೂ ಎಳೆಯುತ್ತಿತ್ತು. ನಾನು ಆ ಪತ್ರವನ್ನು ಅಳಿಸಿ ಹಾಕಿ, ನನ್ನ ವಿಳಾಸಕ್ಕೆ ಎರಡು ಸಾಲಿನ ಹೊಸ ಪತ್ರ ಬರೆದೆ. ಮೋಡೆಮ್ ಕಿರುಚಿ, ಗೊರಗೊರ ಮಾಡಿ, ಸಂಪರ್ಕ ಸಿಕ್ಕಿತು. ಪತ್ರ ನಾಲ್ಕು ಸೆಕೆಂಡಿನಲ್ಲಿ ಹೋಯಿತು.

“ಎಲ್ಲಿ ನಿಧಾನ ಐತ್ರಿ?” ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಗರ್ವ ಇತ್ತು.

“ನಿಮ್ಮನ್ನ ನೋಡಿ ಹೆದರೇತೇನೋ” ಎಂದರು ಅಕ್ಕ.

ಸಂಜೆ ಮತ್ತೆ ಫೋನ್. ಪತ್ರ ಹೋಗಿರಲಿಲ್ಲ. ಇಪ್ಪತ್ತು ನಿಮಿಷ ಆದಮೇಲೆ ಲೈನೇ ಕಡಿದು, ಮತ್ತೆ ಮೊದಲಿನಿಂದ ಶುರುವಾಗಿತ್ತು. ಅವಸರ ಎಷ್ಟಿದೆ ಎಂಬುದು ಆಗ ನನಗೆ ತಿಳಿಯಿತು.

ಪುಣೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಒಬ್ಬ ಹೆಂಗಸು, ಬಾಗಲಕೋಟೆ ಅವಳ ತವರು, ಅಕ್ಕನಿಗೆ ಒಂದು ದೊಡ್ಡ ಆರ್ಡರು ಕೊಟ್ಟಿದ್ದಳು. ಸೆರಗಿಗೆ ಯಾವ ನಮೂನೆ, ಯಾವ ಕೆಂಪು ಎಂಬುದಷ್ಟೇ ಬಾಕಿ. ಬಣ್ಣದ ಎಳೆಗಳ ತುಂಡುಗಳನ್ನು ನಂಬರು ಹಚ್ಚಿ ಅಕ್ಕ ಮೊದಲೇ ಅಂಚೆಯಲ್ಲಿ ಕಳಿಸಿದ್ದರು. ಈಗ ಸೆರಗಿನ ಮೂರು ನಮೂನೆಗಳ ಚಿತ್ರ ಕಳಿಸಿದರೆ, ಯಾವ ನಮೂನೆ, ಅದಕ್ಕೆ ಯಾವ ನಂಬರಿನ ಕೆಂಪು ಎಂದು ಅವಳು ಹೇಳಬೇಕು. ಆದರೆ ಅವಳು ಆ ತುಂಡುಗಳನ್ನೂ ಜೊತೆಗೆ ಒಯ್ದು, ಪ್ರದರ್ಶನವೊಂದಕ್ಕೆಂದು ಪರದೇಶಕ್ಕೆ ಹೋಗಿದ್ದಳು. ಸಿಗುವುದು ಈಮೇಲಿನಲ್ಲಿ ಮಾತ್ರ. ಇತ್ತ ಬಣ್ಣ ಹಾಕುವ ಚಾಚಾ ಗುರುವಾರ ಮಧ್ಯಾಹ್ನ ಮಗಳ ಮದುವೆಗೆಂದು ಕೆರೂರಿಗೆ ಹೊರಡುವವರು, ಬರುವುದು ಹದಿನೈದು ದಿನದ ಮೇಲೆ. ಆ ಕೆಂಪು ಚಾಚಾನ ಕೈಗೆ ಮಾತ್ರ ಬರುತ್ತದೆ ಎಂದು ಅಕ್ಕ ನಂಬಿದ್ದರು. ನಾನು ನಂಬಿರಲಿಲ್ಲ. ಆದರೆ ಮಗ್ಗ ನಡೆಯುವುದು ನನ್ನ ನಂಬಿಕೆಯ ಮೇಲಲ್ಲ. ಗುರುವಾರ ಬೆಳಿಗ್ಗೆಯೊಳಗೆ ಉತ್ತರ ಬರದಿದ್ದರೆ ಹನ್ನೆರಡು ಮಗ್ಗಗಳೂ ಹದಿನೈದು ದಿನ ಸುಮ್ಮನೆ ನಿಲ್ಲುತ್ತಿದ್ದವು.

“ನನ್ನ ಅಂಗಡಿಯಿಂದ ಕಳಸೂಣೇನ್ರಿ?” ಎಂದೆ.

“ನಿಮ್ಮ ಹೆಸರಿನ್ಯಾಗ ಹೋದ್ರ ಯಾರು ಏನಂತ ಅಕಿಗೆ ಹೆಂಗ ಗೊತ್ತಾಗಬೇಕು? ಮೊದಲಿನ ಮಾತೆಲ್ಲ ಈ ಕಾಗದದಾಗ ಅದಾವು. ಇದರಾಗ ಹೋಗಬೇಕ್ರಿ.”

ನಾನು ಒತ್ತಾಯಿಸಲಿಲ್ಲ. ಖರೆ ಹೇಳಬೇಕೆಂದರೆ, ದೋಷ ಹಿಡಿಯದೆ ಅಡ್ಡದಾರಿಯಲ್ಲಿ ಪಾರಾಗುವುದು ನನಗೂ ಬೇಡವಾಗಿತ್ತು.

ಮಂಗಳವಾರ ಬೆಳಿಗ್ಗೆ ಉಪಕರಣಗಳ ಚೀಲ ಸಮೇತ ಹೋಗಿ ಕೂತೆ. ಮೊದಲ ಅನುಮಾನ ಮೋಡೆಮ್ ಮೇಲೆ. ಹಳೆಯದಕ್ಕೆ ದೀಪ ಮಿನುಗುವ ಹೊರಗಿನ ಡಬ್ಬಿ ಇತ್ತು, ಹೊಸದಕ್ಕೆ ಒಳಗೇ ಕೂತ ಅಗ್ಗದ ಕಾರ್ಡು. ಅಂಗಡಿಯಿಂದ ಬೇರೆ ಡಬ್ಬಿ ತಂದು ಹಚ್ಚಿದೆ. ಎರಡನೆಯ ಅನುಮಾನ ವೈರಸ್ ತಡೆಯುವ ಪ್ರೋಗ್ರಾಂ ಮೇಲೆ. ಹೋಗುವ ಬರುವ ಪ್ರತಿ ಪತ್ರವನ್ನೂ ಅದು ಮೂಸಿ ನೋಡುತ್ತದೆ, ತಾತ್ಕಾಲಿಕವಾಗಿ ಬಂದ್ ಮಾಡಿದೆ. ಮೂರನೆಯದು ಟೆಲಿಫೋನಿನ ತಂತಿ. ಅಡುಗೆಮನೆಗೆ ಎಳೆದಿದ್ದ ಇನ್ನೊಂದು ಫೋನನ್ನು ಕಿತ್ತು, ಗೋಡೆಯ ಪೆಟ್ಟಿಗೆಯಿಂದ ನೇರ ತಂತಿ ಕೊಟ್ಟೆ. ಕೊನೆಗೆ ಪತ್ರಗಳ ಕಡತವನ್ನೆಲ್ಲ ಒತ್ತಿ ಚಿಕ್ಕದು ಮಾಡಿಸಿದೆ. ಒಂದೊಂದು ಬದಲಾವಣೆ ಆದಮೇಲೂ ಸಿಕ್ಕಿಬಿದ್ದ ಪತ್ರ ಅಳಿಸಿ, ನನ್ನದೊಂದು ಎರಡು ಸಾಲಿನ ಪತ್ರ ಕಳಿಸುವುದು. ಒಂದೊಂದು ಸಲವೂ ಅದು ನಾಲ್ಕೈದು ಸೆಕೆಂಡಿನಲ್ಲಿ ಹೋಗುವುದು. ನಾನು ಎದ್ದು ಅಂಗಡಿಗೆ ಹೋಗುವುದು, ಬೆನ್ನ ಹಿಂದೆಯೇ ಫೋನ್ ಬರುವುದು.

ಮಧ್ಯಾಹ್ನ ಚಾಚಾ ಬಂದು ಕಟ್ಟೆಯ ಮೇಲೆ ಕೂತರು. ಎರಡೂ ಕೈಯ ಉಗುರುಗಳು ನೇರಳೆ ಬಣ್ಣಕ್ಕೆ ತಿರುಗಿದ ಮುದುಕ.

“ಏನ್ರಿ ಇಂಜಿನೇರ ಸಾಹೇಬ್ರ, ಹಳೇ ಡಬ್ಬಿ ನಾಕು ವರ್ಷ ಓಡಿತು. ನಿಮ್ಮ ಹೊಸಾದು ಮೂರು ವಾರದಾಗ ಮಕ್ಕೊಂತಲ್ಲ?”

“ಮಕ್ಕೊಂಡಿಲ್ರಿ ಚಾಚಾ. ನಾ ಕಳಸಿದ್ರ ಹೊಕ್ಕೈತಿ.”

“ಹಂಗಾರ ಅಕ್ಕಾನ ಕಾಗದಾನೂ ನೀವ ಬರದು ಕಳಸ್ರಿ. ಅಕ್ಕಾ ತನ್ನ ಮಗ್ಗ ನೋಡ್ಕೊಂಡು ಹಾಯಾಗಿರ್ಲಿ.”

ಅಕ್ಕ ನಗಲಿಲ್ಲ. “ಚಾಚಾ, ಶುಕ್ರವಾರ ಹೋದ್ರ ಆಗೂದಿಲ್ಲೇನು?” ಎಂದು ಕೇಳಿದರು.

“ಮಗಳ ಮದಿವಿ ಐತೆವ್ವಾ. ಗುರುವಾರ ಹತ್ತು ಗಂಟೆತನಕ ಹಂಡೆದ ಕೆಳಗ ಬೆಂಕಿ ಇಡ್ತೇನಿ. ಹತ್ತರ ಮ್ಯಾಲ ನಂದೂ ಕೈ ಮೀರಿದ್ದು.”

ಅಂದು ಮನೆಗೆ ಹೋಗುವಾಗ ನನ್ನನ್ನು ಕಾಡಿದ್ದು ಚಾಚಾನ ಹಂಗಿಸುವ ಮಾತಲ್ಲ. ‘ಒಂದು ಕೂದಲಿನಷ್ಟೂ ಫರಕ ಇಲ್ಲ’ ಎಂದು ನಾನು ಹೇಳಿದ್ದೆನಲ್ಲ, ಅದಕ್ಕೆ ಆಧಾರ ಏನು? ನನ್ನ ನೆನಪು. ಅಷ್ಟೇ. ಪ್ರಯೋಗಾಲಯದಲ್ಲಿ ಯಾರಾದರೂ ‘ನೆನಪಿದೆ ಸರ್’ ಎಂದು ಅಂಕಿ ಬರೆದಿದ್ದರೆ ಆ ಪುಟವನ್ನೇ ನಾನು ಹರಿದು ಹಾಕಿಸುತ್ತಿದ್ದೆ. ಹೊಸ ಯಂತ್ರವನ್ನು ಎರಡು ದಿನ ಕೆದಕಿದ್ದೆ, ಹಳೆಯದನ್ನು ಒಮ್ಮೆಯೂ ನೋಡಿರಲಿಲ್ಲ. ಅರ್ಧ ದಾರಿಯಿಂದ ಅಕ್ಕನ ಮನೆಗೆ ಮರಳಿ ಹೊಸದರ ಆಯ್ಕೆಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡೆ, ಹಳೆಯದನ್ನು ನಾಳೆಯೇ ನೋಡುವುದೆಂದು ನಿರ್ಧರಿಸಿದೆ.

ಹಳೆಯ ಕಂಪ್ಯೂಟರನ್ನು ಅಕ್ಕ ಗುಡೂರಿನಲ್ಲಿ ಹೈಸ್ಕೂಲು ಮಾಸ್ತರನಾಗಿದ್ದ ಅಣ್ಣನ ಮಗನಿಗೆ ಕೊಟ್ಟಿದ್ದರು. ಬುಧವಾರ ಬೆಳಗಿನ ಬಸ್ಸು ಹಿಡಿದೆ. ಮಾಸ್ತರ ರಜೆ ಹಾಕಿ ಕಾದಿದ್ದ. ಕರೆಂಟು ಇರಲಿಲ್ಲ. ಹತ್ತಕ್ಕೆ ಬರುತ್ತದೆ ಎಂದದ್ದು ಹನ್ನೆರಡೂವರೆಗೆ ಬಂತು. ಅಷ್ಟು ಹೊತ್ತು ಅವರ ಮನೆಯವರು ಕೊಟ್ಟ ಅವಲಕ್ಕಿ ತಿಂದು, ಗಡಿಯಾರ ನೋಡಿ, ಮತ್ತೆ ಚಹಾ ಕುಡಿದು ಕೂತಿದ್ದೆ. ಒಂದೆಡೆ ಕೂರುವ ಸ್ವಭಾವ ನನ್ನದಲ್ಲ. ಅಂಗಳದಲ್ಲಿ ನಾನು ತಿರುಗುವುದನ್ನು ನೋಡಿ ಮಾಸ್ತರನ ತಾಯಿ, “ಸರ, ನಿಮ್ಮ ಕಾಲಿಗೇನಾರ ಮೀಟರ ಹಚ್ಚ್ಯಾರೇನು?” ಎಂದರು.

ಕರೆಂಟು ಬಂದ ಮೇಲೆ ಈಮೇಲ್ ಪ್ರೋಗ್ರಾಂ ತೆರೆದೆ. ಮಾಸ್ತರ ಆ ಯಂತ್ರವನ್ನು ಪ್ರಶ್ನೆಪತ್ರಿಕೆ ಟೈಪು ಮಾಡಲು ಮಾತ್ರ ಬಳಸುತ್ತಿದ್ದುದರಿಂದ ಹಳೆಯ ವ್ಯವಸ್ಥೆ ಹಾಗೇ ಇತ್ತು. ಆಯ್ಕೆಗಳ ಒಂದೊಂದು ಪುಟವನ್ನೂ ತೆರೆದು, ಎಲ್ಲೆಲ್ಲಿ ಗುರುತು ಇದೆ, ಎಲ್ಲೆಲ್ಲಿ ಇಲ್ಲ ಎಂದು ಕಾಗದದ ಮೇಲೆ ಬರೆಯುತ್ತ ಹೋದೆ. ಹೊಸ ಯಂತ್ರದ ಪಟ್ಟಿಯನ್ನು ಹಿಂದಿನ ಸಂಜೆಯೇ ಬರೆದುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಜವಾದ ವ್ಯತ್ಯಾಸ ಒಂದೇ ಕಡೆ ಇತ್ತು. ಪತ್ರ ಕಳಿಸುವ ರೂಪದ ಪುಟದಲ್ಲಿ. ಹೊಸದರಲ್ಲಿ ಪತ್ರಗಳು ಬಣ್ಣ, ಚಿತ್ರ ಸಮೇತ ಹೋಗುತ್ತಿದ್ದವು, ಯಾವ ರೂಪದಲ್ಲಿ ಪತ್ರ ಬಂದಿದೆಯೋ ಅದೇ ರೂಪದಲ್ಲಿ ಉತ್ತರವೂ ಹೋಗುತ್ತಿತ್ತು. ಹಳೆಯದರಲ್ಲಿ ಆ ಗುರುತನ್ನು ಯಾರೋ ತೆಗೆದು, ಎಲ್ಲ ಪತ್ರವೂ ಬರೀ ಅಕ್ಷರಗಳಲ್ಲಿ ಸಾದಾ ಹೋಗುವಂತೆ ಮಾಡಿದ್ದರು.

“ಇದನ್ನ ಯಾರ ಬದಲ ಮಾಡ್ಯಾರ್ರಿ?” ಎಂದು ಮಾಸ್ತರನನ್ನು ಕೇಳಿದೆ.

“ಯಾರಂದ್ರ? ನೀವ ಮಾಡಿದ್ರಲ್ರಿ.”

“ನಾನಾ?”

“ಹೌದ್ರಿ. ಅತ್ತಿ ಮನ್ಯಾಗ ಇದನ್ನ ಮೊದಲ ಹಚ್ಚಿದಾಗ. ‘ಲೈನು ಸಣ್ಣದೈತಿ, ಬಣ್ಣಬಣ್ಣದ ಕಾಗದ ಬ್ಯಾಡ, ಸಾದಾ ಇರಲಿ’ ಅಂತ ನೀವ ಅಂದ್ರಿ. ನಾ ಅಲ್ಲೇ ಚಾ ಕುಡಿಯಾಕತ್ತಿದ್ದೆ.”

ಮಾತಿನ ಧಾಟಿ ನನ್ನದೇ. ಆದರೆ ಹಾಗೆ ಮಾಡಿದ ನೆನಪು ನನಗೆ ಎಳ್ಳಷ್ಟೂ ಇರಲಿಲ್ಲ. ಇವತ್ತಿಗೂ ಇಲ್ಲ.

ಮರಳಿ ಬರುವ ಬಸ್ಸಿನಲ್ಲಿ ಪಟ್ಟಿ ಹಿಡಿದುಕೊಂಡು ವಿಚಾರ ಮಾಡಿದೆ. ಆ ಒಂದು ಗುರುತು ತೆಗೆದರೆ ಕೆಲಸ ಮುಗಿಯುತ್ತದೆಯೇ? ನನಗೆ ನಂಬಿಕೆ ಬರಲಿಲ್ಲ. ಅಕ್ಷರದ ಅಲಂಕಾರಕ್ಕೆ ಒಂದೆರಡು ಸೆಕೆಂಡು ಹೆಚ್ಚಾಗಬಹುದು, ಅರ್ಧ ತಾಸು ಹೇಗೆ ಆಗುತ್ತದೆ? ಮೂರು ಚಿತ್ರಗಳಿದ್ದರೂ ಅಷ್ಟು ಹೊತ್ತು ಬೇಕಿಲ್ಲ. ಹಾಗೆ ಎಣಿಸುತ್ತಿರುವಾಗ ನನ್ನ ಎರಡು ದಿನದ ಮೂರ್ಖತನ ಕಣ್ಣಿಗೆ ಬಿತ್ತು. ನಾನು ಐದಾರು ಸಲ ಪರೀಕ್ಷೆ ಮಾಡಿದ್ದೆ. ಪ್ರತಿ ಸಲವೂ ನನ್ನ ಪತ್ರ, ಎರಡೇ ಸಾಲು. ಅಕ್ಕನ ಪತ್ರವನ್ನು ಪ್ರತಿ ಸಲವೂ ಮೊದಲು ಅಳಿಸಿಯೇ ಕೆಲಸ ಶುರು ಮಾಡಿದ್ದೆ. ಅದನ್ನು ತೆರೆದೂ ನೋಡಿರಲಿಲ್ಲ. ಅವರು ಪತ್ರ ಬರೆಯುವುದನ್ನು ಪಕ್ಕದಲ್ಲಿ ಕೂತು ಕಂಡಿರಲೇ ಇಲ್ಲ.

ಮೂರೂವರೆಗೆ ಇಳಕಲ್ಲಿನಲ್ಲಿ ಇಳಿದು ನೇರ ಅವರ ಮನೆಗೆ ಹೋದೆ. ಚಾಚಾ ಆಗಲೇ ಕಟ್ಟೆಯ ಮೇಲಿದ್ದರು.

“ಅಕ್ಕಾರ, ಇವತ್ತ ನಾ ಏನೂ ಮುಟ್ಟೂದಿಲ್ಲ” ಎಂದೆ. “ನೀವು ದಿನಾ ಹೆಂಗ ಬರೀತೀರೋ ಹಂಗ ಬರೀರಿ. ನಾ ಸುಮ್ಮ ಕುಂತು ನೋಡತೇನಿ.”

ಅವರು ಕನ್ನಡಕ ಹಾಕಿಕೊಂಡು ಕೂತರು. ಪುಣೆಯವಳಿಂದ ಕೊನೆಗೆ ಬಂದ ಪತ್ರ ತೆರೆದು, ಉತ್ತರಿಸುವ ಗುಂಡಿ ಒತ್ತಿದರು. ಮೇಲ್ಗಡೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡಿದರು. ಮೂರು ಚಿತ್ರಗಳನ್ನು ತಂದು ಪತ್ರದೊಳಗೇ ಅಂಟಿಸಿದರು. ಪರದೆಯ ಬಲಗಡೆಯ ಜಾರುಪಟ್ಟಿ ನೋಡಿದೆ. ಅದರ ಮೇಲಿನ ತುಂಡು ಜೋಳದ ಕಾಳಿನಷ್ಟು ಚಿಕ್ಕದಾಗಿತ್ತು. ಅಂದರೆ ಪತ್ರ ಬಹಳ ಉದ್ದ.

“ಕೆಳಗ ಸರಿಸ್ರಿ” ಎಂದೆ.

ಸರಿಸಿದರು. ಅವಳ ಹಿಂದಿನ ಪತ್ರ ಬಂತು. ಅದರ ಕೆಳಗೆ ಅಕ್ಕನ ಹಿಂದಿನ ಉತ್ತರ, ಎರಡು ಸೆರಗಿನ ಚಿತ್ರ. ಅದರ ಕೆಳಗೆ ಮತ್ತೆ ಅವಳದು, ಮತ್ತೆ ಇವರದು, ದಡಿಯ ಚಿತ್ರ, ಸೆರಗಿನ ಚಿತ್ರ, ಒಂದು ಇಡೀ ಸೀರೆ. ಮೂರು ವಾರದ ಚಿತ್ರಗಳೆಲ್ಲ ಒಂದರ ಕೆಳಗೊಂದು. ಎಣಿಸಿದೆ, ಹದಿನೇಳು. ಪತ್ರ ಕಳಿಸುವ ಪೆಟ್ಟಿಗೆಗೆ ಹೋದ ಮೇಲೆ ತೂಕ ನೋಡಿದರೆ ಆರು ಎಂಬಿ ಮೀರಿತ್ತು. ನಮ್ಮ ಲೈನಿನಲ್ಲಿ ಅದಕ್ಕೆ ನಲವತ್ತು ನಿಮಿಷದ ಹತ್ತಿರ ಬೇಕು, ಲೈನು ಇಪ್ಪತ್ತು ನಿಮಿಷಕ್ಕೆ ಕಡಿಯುತ್ತದೆ. ಎಷ್ಟು ದಿನ ಕಾದರೂ ಅದು ಹೋಗುವ ಪತ್ರವಲ್ಲ.

ಹಳೆಯ ಯಂತ್ರದಲ್ಲಿ ಚಿತ್ರಗಳನ್ನು ಪತ್ರದ ಜೊತೆ ಬೇರೆ ಕಡತವಾಗಿ ಹಚ್ಚಬೇಕಿತ್ತು, ಉತ್ತರ ಬರೆಯುವಾಗಲೆಲ್ಲ ಅದು ಹಿಂದಿನ ಚಿತ್ರಗಳನ್ನು ತಾನಾಗಿ ಉದುರಿಸುತ್ತಿತ್ತು, ಅಕ್ಷರವಷ್ಟೇ ಉಳಿಯುತ್ತಿತ್ತು. ಹೊಸದು ಎಲ್ಲವನ್ನೂ ಜೋಪಾನವಾಗಿ ಹೊತ್ತುಕೊಂಡು ಹೋಗುತ್ತಿತ್ತು. ಇಷ್ಟು ಅರ್ಥವಾದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಯಂತ್ರ ಸರಿ ಇತ್ತು, ತಂತಿ ಸರಿ ಇತ್ತು.

ಅಷ್ಟರಲ್ಲಿ ಪುಣೆಯವಳ ಹಿಂದಿನ ಪತ್ರದ ಒಂದು ಸಾಲು ಕಣ್ಣಿಗೆ ಬಿತ್ತು. ‘ಅಕ್ಕಾ, ನಿಮ್ಮ ಪತ್ರ ಭಾಳ ಭಾರಿ ಆಗಾಕತ್ತಾವು.’

“ಇದನ್ನ ನೋಡಲಿಲ್ಲೇನ್ರಿ ನೀವು?”

“ನೋಡೇನಲ್ರಿ!” ಅಕ್ಕನ ಮುಖ ಅರಳಿತು. “ಭಾರಿ ಅಂದಾಳ. ಅದಕ್ಕ ಮುಂದಿನ ಸಲ ಇನ್ನೆರಡು ಸೆರಗು ಹೆಚ್ಚಿಗಿ ಹಾಕಿದೆ.”

“ಭಾರಿ ಅಂದ್ರ ಹೊಗಳಿಲ್ರಿ ಅಕಿ. ವಜ್ಜೆ ಆಗ್ಯಾವು, ಎತ್ತಾಕ ಬರವಲ್ದು ಅಂತ ಅಕಿ ಹೇಳಿದ್ದು.”

ಅಕ್ಕ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಚಾಚಾ ಕಟ್ಟೆಯ ಮೇಲೆ ಕೂತಲ್ಲೇ ನಗಲು ಶುರು ಮಾಡಿ, ಕೆಮ್ಮು ಹತ್ತಿ, ನೀರು ಕೇಳಿದರು.

“ನಗಬ್ಯಾಡ್ರಿ ಚಾಚಾ. ನಿಮ್ಮ ಬಣ್ಣ ಭಾರಿ ಅಂತ ನಾ ದಿನಾ ಅಂತೇನಲ್ಲ, ನೀವೇನ ತಿಳ್ಕೊಂಡೀರಿ?” ಎಂದರು ಅಕ್ಕ.

“ಇನ್ನ ಮ್ಯಾಲ ತಕ್ಕಡಿ ಇಟಗೊಂಡು ಕೇಳ್ತೇನವ್ವಾ.”

ನಾನು ಪರಿಹಾರ ಹೇಳಿದೆ. ಹೊಸ ಪತ್ರ ತೆರೆದು, ಮೂರು ಚಿತ್ರ ಹಚ್ಚಿ ಕಳಿಸಿದರೆ ಮುಗಿಯಿತು. ಅಕ್ಕ ಒಪ್ಪಲಿಲ್ಲ.

“ಹೊಸಾ ಕಾಗದ ಬ್ಯಾಡ್ರಿ.”

“ಯಾಕ್ರಿ?”

“ಮಗ್ಗದ ಮ್ಯಾಲ ಹಾಸಿನ ಎಳಿ ಮುಗೀತಂತ ಪೂರಾ ಕಡದು ತಗದು ಹೊಸಾದು ಏರಸ್ತೇವೇನು? ಹಳೇ ಎಳಿಗೆ ಹೊಸಾ ಎಳಿ ಕೂಡಿಸಿ ಮುಂದ ಎಳಕೋತೇವಿ. ಕಡದ್ರ ಎಲ್ಲಾ ಎಳಿ ಮತ್ತ ಮೊದಲಿಂದ ಹಣಗಿ ಹಲ್ಲಿನ್ಯಾಗ ಒಂದೊಂದ ಪೋಣಿಸಬೇಕು. ವ್ಯವಹಾರದ ಮಾತೂ ಹಂಗ. ಅಕಿ ಏನ ಅಂದಳು, ನಾ ಏನ ಅಂದೆ, ಎಲ್ಲಾ ಕೂಡಿರಬೇಕು.”

ಆಗ ನನಗೆ ಅರ್ಥವಾಯಿತು. ನಾಲ್ಕು ವರ್ಷದಲ್ಲಿ ಅಕ್ಕ ಅವಳಿಗೆ ಬರೆದದ್ದು ಒಂದೇ ಪತ್ರ. ಮೊದಲ ಆರ್ಡರು ಬಂದ ದಿನ ಬರೆದ ಉತ್ತರಕ್ಕೇ ಕೂಡಿಸುತ್ತ ಕೂಡಿಸುತ್ತ ಬಂದಿದ್ದರು. ಅದು ಅಜ್ಞಾನ ಎಂದು ನನಗೆ ಅನ್ನಿಸಲಿಲ್ಲ. ಸಾವಿರಾರು ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಹೊಸೆದು ಕೂಡಿಸಿದ ಕೈಗೆ ‘ಹೊಸದು ತೆಗಿ’ ಎಂಬ ಸಲಹೆ ಹೇಗೆ ಕೇಳಿಸಿರಬಹುದು ಎಂದು ಯೋಚಿಸಿದೆ. ಬೇಕಾದರೆ ಅವರಿಗೆ ಹೇಳದೆ ಆ ಗುರುತು ತೆಗೆದು ಎದ್ದು ಬರಬಹುದಿತ್ತು. ಆದರೆ ಸಾದಾ ಪತ್ರದಲ್ಲಿ ಅವರು ಈಗ ಒಳಗೇ ಅಂಟಿಸುವ ಚಿತ್ರವೂ ಉದುರಿ ಹೋಗುತ್ತಿತ್ತು, ಮತ್ತೆ ಫೋನು ಬರುತ್ತಿತ್ತು.

“ಹಾಸು ಕೂಡಿಸುವಾಗ ಹಳೇದು ಎಷ್ಟುದ್ದ ಇಟಗೋತೀರಿ ಅಕ್ಕಾರ?” ಎಂದು ಕೇಳಿದೆ.

“ಗೇಣುದ್ದ ಇದ್ರ ಸಾಕು.”

“ಅದರ ಹಿಂದಿಂದು?”

“ಅದು ಸೀರಿ ಆಗಿ ಹೋಗಿರ್ತೈತಲ್ರಿ.”

“ಹಂಗಾರ ಇಲ್ಲೂ ಗೇಣುದ್ದ ಇಟ್ಟು ಉಳದದ್ದು ಕಡೀರಿ. ಹಿಂದಿನ ಕಾಗದ ಎಲ್ಲೂ ಹೋಗೂದಿಲ್ಲ, ನಿಮ್ಮ ಪೆಟಿಗ್ಯಾಗ ಮಡಚಿಟ್ಟಂಗ ಇರ್ತಾವು.”

ಅವರು ಪೆಟ್ಟಿಗೆಯಲ್ಲಿದ್ದ ಪತ್ರವನ್ನು ಮತ್ತೆ ತೆರೆದರು. ಆಮೇಲೆ ನಾನು ಕಲಿಸುವ ಮೊದಲೇ ಮೌಸ್ ಹಿಡಿದು, ಪುಣೆಯವಳ ಕೊನೆಯ ಪತ್ರದ ಕೆಳಗಿನಿಂದ ತುದಿಯವರೆಗೆ ಎಳೆದರು. ಹದಿನೇಳು ಚಿತ್ರಗಳೂ ನೀಲಿಯಾದವು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು, “ಖರೇನ ಪೆಟಿಗ್ಯಾಗ ಇರ್ತಾವಲ್ರಿ?” ಎಂದರು. ಹಳೆಯ ಪತ್ರಗಳ ಪೆಟ್ಟಿಗೆ ತೆರೆದು ತೋರಿಸಿದೆ. ನೋಡಿದ ಮೇಲೆಯೇ ಒತ್ತಿದರು. ಹೊಸ ಮೂರು ಚಿತ್ರಗಳನ್ನು ನಾನು ಚಿಕ್ಕ ಗಾತ್ರದಲ್ಲಿ ಉಳಿಸಿಕೊಟ್ಟೆ. ಕಳಿಸಿದಾಗ ಗಡಿಯಾರ ಹಿಡಿದೆ. ಒಂದೂವರೆ ನಿಮಿಷ.

“ಹೋತು?” ಎಂದರು ಅಕ್ಕ.

“ಹೋತ್ರಿ.”

“ಇಷ್ಟಕ್ಕ ಮೂರು ದಿನ ಬೇಕಾದ್ವೇನ್ರಿ?”

ಆಗ ಗುಡೂರಿನ ಸಂಗತಿ ಹೇಳಿದೆ. ಹಳೆಯದನ್ನು ಸಾದಾ ಮಾಡಿ ಇಟ್ಟವನು ನಾನೇ ಅಂತೆ, ಹೊಸದರಲ್ಲಿ ಮಾಡುವುದು ಬಿಟ್ಟುಹೋಗಿದೆ, ಫರಕ ಇಲ್ಲ ಎಂದದ್ದು ಸುಳ್ಳಾಯಿತು ಎಂದೆ.

“ಮಾಡಿದ್ದು ನೆನಪೈತೇನು?” ಎಂದು ಚಾಚಾ ಕೇಳಿದರು.

“ಇಲ್ರಿ.”

“ಮರತದ್ದರ?”

“ಅದೂ ಇಲ್ರಿ.”

“ಕೋರ್ಟಿನ್ಯಾಗೂ ಹಿಂಗ ಹೇಳ್ರಿ ಸಾಹೇಬ್ರ. ಜಡ್ಜ್ ಸಾಹೇಬ್ರ ತಲಿ ಹಿಡ್ಕೊಂಡು ನಿಮ್ಮನ್ನ ಬಿಟ್ಟು ಕಳಸ್ತಾರ.”

ಬಂದ್ ಮಾಡಿದ್ದ ವೈರಸ್ ಪ್ರೋಗ್ರಾಂ ಮತ್ತೆ ಚಾಲೂ ಮಾಡಿದೆ, ಅಡುಗೆಮನೆಯ ಫೋನು ಜೋಡಿಸಿದೆ, ನನ್ನ ಮೋಡೆಮ್ ಡಬ್ಬಿ ಚೀಲಕ್ಕೆ ಹಾಕಿಕೊಂಡೆ. ಮೂರು ದಿನದ ದುಡಿಮೆಯ ನಂತರ ಆ ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಿರಲಿಲ್ಲ.

ಪತ್ರ ಹೋಯಿತೆಂದರೆ ಉತ್ತರ ಬಂದಂತೆ ಅಲ್ಲ. ಗುರುವಾರ ಎಂಟಕ್ಕೇ ಹೋಗಿ ಕೂತೆ. ಎಂಟಕ್ಕೆ ನೋಡಿದೆವು, ಇಲ್ಲ. ಎಂಟೂವರೆಗೆ ಇಲ್ಲ. ಒಂಬತ್ತಕ್ಕೆ ಲೈನೇ ಸಿಗಲಿಲ್ಲ. ಹಿತ್ತಲಲ್ಲಿ ಚಾಚಾ ಹಂಡೆಯ ಕೆಳಗೆ ಬೆಂಕಿ ಹಾಕಿಯಾಗಿತ್ತು. ಕೋಲಿಗೆ ಏರಿಸಿದ ರೇಷ್ಮೆ ನೂಲಿನ ಲಡಿಗಳು ಬೆಳ್ಳಗೆ ತೂಗುತ್ತಿದ್ದವು. ಅಕ್ಕ ಒಳಗೂ ಹೊರಗೂ ನಡೆಯುತ್ತಿದ್ದರು, ಈ ಸಲ ನಾನು ಕೂತಿದ್ದೆ. ಒಂಬತ್ತೂ ಮುಕ್ಕಾಲಿಗೆ ಒಂದು ಪತ್ರ ಇಳಿಯಿತು. ಅವರೇ ಓದಲಿ ಎಂದು ಕುರ್ಚಿ ಬಿಟ್ಟೆ.

ಅಕ್ಕ ಗಟ್ಟಿಯಾಗಿ ಓದಿದರು. “‘ಎರಡನೇ ನಮೂನಿ, ನಾಕನೇ ನಂಬರಿನ ಕೆಂಪು. ಬಣ್ಣ ಹಾಕ್ರಿ. ಈ ಸಲ ನಿಮ್ಮ ಪತ್ರ ಹಗುರ ಆಗೇತಿ.’”

ಓದಿ ನಿಲ್ಲಿಸಿ ನನ್ನ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ಆತಂಕ ಇತ್ತು.

“ಹಗುರ ಅಂದಾಳಲ್ರಿ ಸರ. ಬೈದಾಳೋ, ಹೊಗಳ್ಯಾಳೋ?”

ನಾನು ಉತ್ತರ ಹೇಳುವ ಮೊದಲೇ ಹಿತ್ತಲಿನಿಂದ ಚಾಚಾ ಕೂಗಿದರು. “ಬೈದಿದ್ರ ಆಮ್ಯಾಲ ನೋಡೂಣು. ನಾಕನೇ ನಂಬರ ಅಂದಳು ಹೌದಲ್ಲೋ?”

“ಹೂಂರಿ, ನಾಕು” ಎಂದರು ಅಕ್ಕ.

ಲಡಿಗಳು ಹಂಡೆಗೆ ಇಳಿದ ಸಪ್ಪಳ ನಡುಮನೆಯವರೆಗೂ ಕೇಳಿಸಿತು.